ಹೊಯ್ದಾಡುವ ಡೆಕ್ ಮೇಲೆ ಹೆಲಿಕಾಪ್ಟರ್ ಇಳಿಸುವುದು ಹೇಗೆ?

ಕೊಡಗಿನಲ್ಲಿ ಮಿಲಿಟರಿ ಅಂದರೆ ಭೂಸೇನೆಯೇ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ನಾಡು ಅಲ್ವಾ. ನಾನು ನೌಕಾಪಡೆಯಲ್ಲಿದ್ದೆ ಅಂದರೆ, "ಈಜು ಬರ್ತಿತ್ತಾ?" ಅಂತ ಕೇಳುತ್ತಾರೆ. ನನ್ನ ಕೆಲಸ ಇದ್ದದ್ದು ಹಡಗಿನ ಹಿಂಬದಿಯ ಫ್ಲೈಟ್ ಡೆಕ್‌ನಲ್ಲಿ, ಅಂದರೆ ಹೆಲಿಕಾಪ್ಟರ್ ಇಳಿಯುವ ಜಾಗದಲ್ಲಿ. ನೌಕಾಪಡೆ ಸೇರುವ ಆಸೆಯಿರುವ ಸೋಮವಾರಪೇಟೆ ಕಡೆಯ ಹುಡುಗರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಡೆಕ್ ಚೊಕ್ಕ ಮಾಡಿ. ಎಲ್ಲರೂ ಸಾಲಾಗಿ ನಡೆಯುತ್ತಾ ಬೋಲ್ಟು, ವಾಷರ್, ಬಟ್ಟೆ ಚೂರು ಹೆಕ್ಕಬೇಕು. ಟೋಪಿ ಹಾಕಿಕೊಂಡು ಬಂದವರನ್ನು ವಾಪಸ್ ಕಳಿಸಿ. ರೋಟರ್, ಅಂದರೆ ತಿರುಗುವ ರೆಕ್ಕೆಗಳ ಗಾಳಿಗೆ ಎದ್ದ ಒಂದು ಪ್ಲಾಸ್ಟಿಕ್ ಕವರ್ ಎಂಜಿನ್ ಒಳಗೆ ಹೋದರೆ ಕಥೆ ಮುಗಿಯಿತು. ಬೆಂಕಿ ಆರಿಸುವವರು ಹೋಸ್ ಹಿಡಿದು ರೆಡಿ ಇರಬೇಕು.

ಆಮೇಲೆ ಗಾಳಿ. ಹಡಗಿನ ದಿಕ್ಕು, ವೇಗ ಬದಲಿಸಿ ಇದನ್ನು ಹೊಂದಿಸಿಕೊಳ್ಳುತ್ತಾರೆ. 10 ನಾಟ್ ಗಾಳಿಗೆ ಎದುರಾಗಿ ಹಡಗು 15 ನಾಟ್ ಓಡಿದರೆ ಡೆಕ್ ಮೇಲೆ 25 ನಾಟ್, ಅಂದರೆ ಗಂಟೆಗೆ ಸುಮಾರು 46 ಕಿಲೋಮೀಟರ್. ಯಾವ ಹಡಗಿನ ಮೇಲೆ ಯಾವ ಹೆಲಿಕಾಪ್ಟರ್ ಎಷ್ಟು ಗಾಳಿ, ಎಷ್ಟು ಓಲಾಟದವರೆಗೆ ಇಳಿಯಬಹುದು ಎಂಬುದಕ್ಕೆ ಚಾರ್ಟ್ ಇರುತ್ತದೆ. ಅದರ ಗೆರೆ ದಾಟಬೇಡಿ.

ಜಾಸ್ತಿ ಕಾಡುವುದು ಹ್ಯಾಂಗರ್, ಅಂದರೆ ಡೆಕ್ ಮುಂದಿರುವ ಹೆಲಿಕಾಪ್ಟರ್ ಕೊಠಡಿಯ ಹಿಂದಿನ ಗಾಳಿ. ನಮ್ಮ ಮಾಂದಲಪಟ್ಟಿ ಗುಡ್ಡದ ಮೇಲೆ ಜೀಪಿನ ಮರೆಗೆ ನಿಂತು ನೋಡಿ. ಗಾಳಿ ನಿಂತ ಹಾಗಿರುತ್ತದೆ, ಅಷ್ಟರಲ್ಲಿ ಸುತ್ತಿ ಬಂದು ಮುಖಕ್ಕೆ ಹೊಡೆಯುತ್ತದೆ. ಡೆಕ್ ಮೇಲೂ ಹಾಗೇ.

ಸಾಮಾನ್ಯವಾಗಿ ಪೈಲಟ್ ಹಿಂದಿನಿಂದ ಬಂದು, ಹಡಗಿನ ಪಕ್ಕದಲ್ಲಿ ಅದರದೇ ವೇಗದಲ್ಲಿ ತೇಲುತ್ತಾ ನಿಲ್ಲುತ್ತಾರೆ. ಕಣ್ಣು ಡೆಕ್ ಮೇಲಿರಬಾರದು. ಡೆಕ್ ಏರಿದ ಹಾಗೆ ತಾನೂ ಏರಲು ಹೋದರೆ ಕೆಟ್ಟರು! ದಿಗಂತ ನೋಡಬೇಕು. ರಾತ್ರಿ ಹೊತ್ತಿಗೆ ಕೆಲವು ಹಡಗುಗಳಲ್ಲಿ ಹ್ಯಾಂಗರ್ ಮೇಲೊಂದು ದೀಪದ ಪಟ್ಟಿ ಇರುತ್ತದೆ. ಹಡಗು ವಾಲಿದರೂ ಅದು ಅಡ್ಡಡ್ಡ ನೇರವಾಗಿಯೇ ನಿಲ್ಲುತ್ತದೆ.

ಈಗ ಕಾಯಬೇಕು. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ. ಅವು ದಾಟಿದ ಮೇಲೆ ಕೆಲವು ಸೆಕೆಂಡು ಡೆಕ್ ತಣ್ಣಗಾಗುತ್ತದೆ. ಆಗ ಅಡ್ಡಕ್ಕೆ ಸರಿದು, ಗಟ್ಟಿಯಾಗಿ ಕೂರಿಸಬೇಕು. ನಾಜೂಕು ಬೇಡ. ಒಂದೇ ಚಕ್ರ ತಾಗಿರುವಾಗ ಡೆಕ್ ವಾಲಿದರೆ ಆ ಚಕ್ರದ ಮೇಲೇ ಹೆಲಿಕಾಪ್ಟರ್ ಮಗುಚಿಕೊಳ್ಳುತ್ತದೆ.

ಕೆಳಗೆ ನಿಂತು ಕೈಸನ್ನೆ ಮಾಡುವವನು ಮಾರ್ಷಲರ್. ಎರಡೂ ಕೈ ಅಗಲಕ್ಕೆ ಚಾಚಿದರೆ ಅಲ್ಲೇ ನಿಲ್ಲು. ಮುಂದೆ ಕೆಳಗೆ ಕತ್ತರಿ ಹಾಕಿದರೆ ಇಳಿ. ತಲೆ ಮೇಲೆ ಅಡ್ಡಡ್ಡ ಬೀಸಿದರೆ ಹೊರಟುಹೋಗು. ಇಳಿ ಅನ್ನುವುದು ಬರೀ ಸಲಹೆ, ಪೈಲಟ್‌ಗೆ ಸರಿ ಕಾಣದಿದ್ದರೆ ಬಿಡಬಹುದು. ಆದರೆ ಹೊರಟುಹೋಗು ಅನ್ನುವುದು ಆಜ್ಞೆ. ಹೊಸಬರು ಅದನ್ನು ಕೊಡಲು ಸುಮ್ನೆ ಸಂಕೋಚ ಪಡುತ್ತಾರೆ, ಮೇಲಿರುವವರು ದೊಡ್ಡ ಆಫೀಸರ್ ಅಂತ. ಯಾರಾದರೂ ಇರಲಿ, ಅನುಮಾನ ಬಂತೋ, ಕೈ ಬೀಸಿ.

ಹೆಲಿಕಾಪ್ಟರ್ ಕೂತ ತಕ್ಷಣ ಅದರ ಕಡೆ ಓಡಬೇಡಿ. ಸನ್ನೆ ಸಿಕ್ಕ ಮೇಲೆ, ಪೈಲಟ್‌ಗೆ ಕಾಣುವ ಹಾಗೆ ಪಕ್ಕದಿಂದ ಹೋಗಿ ಚಕ್ರ ಉರುಳದ ಹಾಗೆ ಚಾಕ್ ಅನ್ನುವ ತಡೆ ಇಟ್ಟು, ಚೈನ್ ಬಿಗಿಯಿರಿ. ಬಾಲದ ರೋಟರ್ ಕಡೆ ಸುಳಿಯಲೇಬೇಡಿ. ಕೆನಡಾದವರು 1960ರ ದಶಕದಲ್ಲೇ ಕೇಬಲ್ ಕಟ್ಟಿ ಹೆಲಿಕಾಪ್ಟರನ್ನು ಡೆಕ್‌ಗೆ ಎಳೆದು, ಹಿಡಿದಿಡುವ ಯಂತ್ರ ಮಾಡಿದ್ದರು. ಅದು ಇಲ್ಲದ ಕಡೆ ನಮ್ಮ ಚೈನೇ ಗತಿ.

ರೋಟರ್ ನಿಲ್ಲುವ ಹೊತ್ತು ಇನ್ನೂ ಹುಷಾರು. ವೇಗ ಇಳಿದ ರೆಕ್ಕೆ ಜೋರು ಗಾಳಿಗೆ ಇದ್ದಕ್ಕಿದ್ದಂತೆ ತಲೆಮಟ್ಟಕ್ಕೆ ಬಗ್ಗುತ್ತದೆ. ಪೂರ್ತಿ ನಿಲ್ಲುವವರೆಗೆ ದೂರವಿರಿ. ನಿಂತ ಮೇಲೆ ಸಿಹಿನೀರಿನಲ್ಲಿ ಉಪ್ಪು ತೊಳೆಯುವ ಬೇಜಾರಿನ ಕೆಲಸ ಇದ್ದೇ ಇದೆ.