ಸೀಗಿ ಹುಣ್ಣಿಮೆ ಆದ ಮೂರನೇ ದಿನ

ದಸರಾ ರಜೆ ಬಂತೆಂದರೆ ನಮ್ಮ ಮನೆಯಲ್ಲಿ ನಡಿಗೆಯ ಮಾತು ಶುರುವಾಗುತ್ತದೆ. ಹುಬ್ಬಳ್ಳಿಯಿಂದ ಘಟ್ಟ ಇಳಿದು ಕುಮಟಾ, ಗೋಕರ್ಣದ ಕಡೆ ಹೋಗಿ, ನಾಲ್ಕು ದಿನ ಕಡಲ ದಂಡೆಯಲ್ಲೂ ಗದ್ದೆ-ತೋಟಗಳ ನಡುವೆಯೂ ನಡೆದು ಬರುವುದು ಆರು ವರ್ಷಗಳಿಂದ ನಡೆದುಬಂದ ರೂಢಿ. ನಾನು ಶಾಲೆಯಲ್ಲಿ ಪಾಠ ಮಾಡುವವಳು, ಹಾಗಾಗಿ ಬೇಕೆಂದಾಗ ರಜೆ ಹಾಕುವಂತಿಲ್ಲ. ನಮ್ಮ ಜೊತೆ ಇಬ್ಬರು ಮಕ್ಕಳು, ಎಪ್ಪತ್ತು ದಾಟಿದ ಮಾವನವರು. ಇಷ್ಟು ಜನರಿಗೂ ಹೊಂದುವ ಹಾದಿ ಆರಿಸುವುದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು.

ಮೊದಲ ವರ್ಷ ನಾನು ಫೋಟೋ ನೋಡಿ ಆರಿಸಿದ್ದೆ. ಕುಮಟಾದಿಂದ ಉತ್ತರಕ್ಕೆ ವನ್ನಳ್ಳಿ, ಕಡ್ಲೆ, ಬಾಡ ಎಂದು ಒಂದಾದ ಮೇಲೊಂದು ದಂಡೆ. ಎರಡು ದಂಡೆಗಳ ನಡುವೆ ಕಡಲಿಗೆ ಮೂಗು ಚಾಚಿದ ಜಂಬಿಟ್ಟಿಗೆಯ ಗುಡ್ಡ, ಅದರ ಬುಡದಲ್ಲಿ ಕರಿ ಬಂಡೆ. ಫೋಟೋದಲ್ಲಿ ಜನ ಆ ಬಂಡೆಗಳ ಮೇಲೆ ಆರಾಮಾಗಿ ಕಾಲು ಚಾಚಿ ಕೂತಿದ್ದರು. ನಾವು ಹೋದದ್ದು ಹುಣ್ಣಿಮೆಯ ದಿನ. ತಿಂಡಿ, ಚಹಾ ಎಲ್ಲ ಮುಗಿಸಿ ಒಂಬತ್ತಕ್ಕೆ ಹೊರಟೆವು. ಹತ್ತೂವರೆಗೆ ಒಂದು ಗುಡ್ಡದ ಮೂಗು ಸುತ್ತುವಾಗ, ಮುಂದಿನ ಬಂಡೆ ಮುಳುಗಿತ್ತು. ತಿರುಗಿ ನೋಡಿದರೆ ದಾಟಿ ಬಂದ ಬಂಡೆಯ ಮೇಲೂ ತೆರೆ ಹೊಡೆಯುತ್ತಿತ್ತು. ಕಿರಿಯವಳನ್ನು ಯಜಮಾನರು ಹೆಗಲ ಮೇಲೆ ಕೂರಿಸಿಕೊಂಡರು. ಮಾವನವರ ಒಂದು ಚಪ್ಪಲಿ ನೀರುಪಾಲಾಯಿತು. ಮುಳ್ಳುಕಂಟಿ ಹಿಡಿದುಕೊಂಡು ಗುಡ್ಡ ಹತ್ತಿ, ಗಾಳಿಮರದ ನೆರಳಲ್ಲಿ ಕೂತಾಗ ನನ್ನ ಕೈ ನಡುಗುತ್ತಲೇ ಇತ್ತು.

ಮೀನಿನ ಬುಟ್ಟಿ ಹೊತ್ತು ಅದೇ ಗುಡ್ಡದ ಮೇಲಿನ ಕಾಲುಹಾದಿಯಲ್ಲಿ ಬಂದ ಹೆಂಗಸೊಬ್ಬರು ನಮ್ಮನ್ನು ನೋಡಿ ನಿಂತರು. "ತಂಗಿ, ಹುಣ್ಣಿಮೆ ದಿನ ಈ ಹೊತ್ತಿಗೆ ಯಾರಾದ್ರೂ ಬಂಡೆ ಮೇಲೆ ಹೋಗ್ತಾರಾ? ನೀರು ಏರ್ತಾ ಅದೆ" ಎಂದರು. ಆ ಮಾತು ನಾನು ಅಲ್ಲಿಯವರೆಗೆ ಓದಿದ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು.

ಮನೆಗೆ ಬಂದು ಲೆಕ್ಕ ಹಾಕಿದೆ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಪ್ರತಿದಿನ ಅದು ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡ. ನಮ್ಮ ಉತ್ತರ ಕನ್ನಡದ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳಂದು ಉಬ್ಬರ ಬರುವುದು ಹೆಚ್ಚುಕಡಿಮೆ ಹನ್ನೊಂದು-ಹನ್ನೆರಡರ ಸುಮಾರಿಗೆ, ಅದೂ ದೊಡ್ಡ ಉಬ್ಬರ. ಅಂದರೆ ಇಳಿತ ಬೆಳಗಿನ ಜಾವ ಐದರ ಹೊತ್ತಿಗೆ. ಹುಣ್ಣಿಮೆ ಆದ ಎರಡು-ಮೂರನೇ ದಿನ ಅದೇ ಇಳಿತ ಆರೂವರೆ, ಏಳು, ಏಳೂವರೆಗೆ ಸರಿಯುತ್ತದೆ. ಮಕ್ಕಳು-ಮುದುಕರು ಎದ್ದು ಹೊರಡಲು ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ. ಸೂರ್ಯ ಹುಟ್ಟುವಾಗ ನೀರು ದೂರ ಸರಿದಿರುತ್ತದೆ. ಒದ್ದೆ ಮರಳು ಗಟ್ಟಿಯಾಗಿ ಕಾಲಿಗೆ ಸಿಮೆಂಟಿನ ಹಾಗೆ ಸಿಗುತ್ತದೆ. ಒಣ ಮರಳಿನಲ್ಲಿ ನಡೆದವರಿಗೆ ಗೊತ್ತು, ರಸ್ತೆಯಲ್ಲಿ ಗಂಟೆಗೆ ಐದು ಕಿಲೋಮೀಟರ್ ಹೋಗುವ ಕಾಲು ಅಲ್ಲಿ ಮೂರು ಹೋದರೆ ಹೆಚ್ಚು.

ಇನ್ನೊಂದು ಲಾಭ ಇದೆ. ನಮ್ಮದು ಪಡುಗಡಲು. ಗುಡ್ಡಗಳೆಲ್ಲ ಮೂಡಣಕ್ಕೆ ಇರುವುದರಿಂದ ಬೆಳಗ್ಗೆ ಅವುಗಳ ನೆರಳು ದಂಡೆಯ ಮೇಲೆ ಬಿದ್ದಿರುತ್ತದೆ. ಮಧ್ಯಾಹ್ನದ ಮೇಲೆ ಅದೇ ದಂಡೆಯಲ್ಲಿ ಬಿಸಿಲು ನೇರವಾಗಿ ಮುಖಕ್ಕೆ, ನೀರಿನಿಂದ ಚಿಮ್ಮುವ ಬೆಳಕು ಕಣ್ಣಿಗೆ. ಹಾಗಾಗಿ ಕಡಲಿನ ಹಾದಿಗೆ ಬೆಳಗು, ತೋಟ-ಗದ್ದೆಯ ಹಾದಿಗೆ ಇಳಿಹೊತ್ತು ಎಂದು ನಾನು ಹಂಚಿಟ್ಟುಬಿಟ್ಟಿದ್ದೇನೆ.

ದಸರಾ ಆದ ಐದನೇ ದಿನಕ್ಕೆ ಸೀಗಿ ಹುಣ್ಣಿಮೆ. ನಮ್ಮ ಕಡೆ ಅವತ್ತು ಹೊಲಕ್ಕೆ ಹೋಗಿ ಚರಗ ಚೆಲ್ಲಬೇಕು, ಅಂದರೆ ಭೂಮಿತಾಯಿಗೆ ಎಡೆಯ ಅಡುಗೆಯನ್ನು ಹೊಲದ ತುಂಬ ಬೀರಬೇಕು, ಅದನ್ನು ಬಿಟ್ಟು ಹೋಗಲು ಮಾವನವರು ಒಪ್ಪುವುದಿಲ್ಲ. ಊರಿಗೆ ಹೋಗಿ ಚರಗ ಚೆಲ್ಲಿ, ಹೊಲದಲ್ಲೇ ಉಂಡು, ಮರುದಿನ ಕುಮಟಾಕ್ಕೆ ಇಳಿಯುತ್ತೇವೆ. ಮೂರನೇ ದಿನ ಬೆಳಗ್ಗೆ ದಂಡೆಯ ಮೇಲೆ ಇರುತ್ತೇವೆ. ಬುತ್ತಿಯಲ್ಲಿ ಮಿಕ್ಕ ಶೇಂಗಾ ಹೋಳಿಗೆ, ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ. ಎರಡನೇ ವರ್ಷ ಹೀಗೆ ಹೋದಾಗ ಒಂದು ನೋಟ ಸಿಕ್ಕಿತು, ಅದನ್ನು ನಾನು ಲೆಕ್ಕಕ್ಕೆ ಹಿಡಿದೇ ಇರಲಿಲ್ಲ. ಬೆನ್ನ ಹಿಂದೆ ಗುಡ್ಡದ ಮೇಲೆ ಸೂರ್ಯ ಏರುತ್ತಿದ್ದ, ಎದುರಿಗೆ ಕಡಲ ಮೇಲೆ ಚಂದ್ರ ಇನ್ನೂ ಮುಳುಗಿರಲಿಲ್ಲ. ಬೆಳಕು ಬಂದಂತೆ ಅದು ಹಪ್ಪಳದ ಹಾಗೆ ಬಿಳಿಚಿಕೊಂಡು, ಎಂಟರ ಹೊತ್ತಿಗೆ ನೀರಿನ ಮೇಲಿನ ಮಬ್ಬಿನಲ್ಲಿ ಕರಗಿತು. ಮಕ್ಕಳು ಅಲ್ಲಿಯವರೆಗೆ ನಡೆಯಲೇ ಇಲ್ಲ, ನಿಂತೇ ನೋಡಿದರು.

ತಿಥಿ ಹಿಡಿದು ದಿನ ಆರಿಸಿದರೂ, ಹೋಗುವ ಮುನ್ನ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಉಬ್ಬರದ ಸಮಯ, ಅಲೆಗಳ ಎಚ್ಚರಿಕೆ ಎರಡನ್ನೂ ನೋಡುತ್ತೇನೆ. ದೂರದ ಕಡಲಿನ ಬಿರುಗಾಳಿಯಿಂದ ಏಳುವ ದೊಡ್ಡ ಅಲೆ ಇಲ್ಲಿ ಬಿಸಿಲಿದ್ದಾಗಲೂ ಬರುತ್ತದೆ. ಹಿಂಗಾರಿನ ಗುಡುಗು ಮಳೆ ಸಂಜೆಗೆ ಬರಬಹುದು, ಅದಕ್ಕೆ ಕೊಡೆ ಇರಲಿ. ಈಜಲು ಮಾತ್ರ ನಾವು ಇಳಿಯುವುದಿಲ್ಲ. ಒಳಸೆಳೆತ ಸುಲಭಕ್ಕೆ ಕಣ್ಣಿಗೆ ಕಾಣುವುದಿಲ್ಲ.

ದಿನಕ್ಕೆ ಎಂಟು ಕಿಲೋಮೀಟರ್ ದಾಟಿಸುವುದಿಲ್ಲ. ಮೊದಲ ದಿನ ಕುಮಟಾದಿಂದ ಕಡ್ಲೆ, ಮರುದಿನ ಬಾಡದಿಂದ ಅಘನಾಶಿನಿ ಊರು. ಅಲ್ಲಿ ತಾರಿ ದೋಣಿ ಹತ್ತಿ ನದಿ ದಾಟಿದರೆ ತದಡಿ. ಇಡೀ ನಡಿಗೆಯಲ್ಲಿ ನನಗೆ ಅತಿ ಇಷ್ಟವಾದ ಜಾಗ ಇದೇ ಅಳಿವೆ. ಶಿರಸಿಯ ಕಡೆ ಹುಟ್ಟಿದ ಅಘನಾಶಿನಿ ಎಲ್ಲೂ ದೊಡ್ಡ ಅಣೆಕಟ್ಟಿಗೆ ಸಿಗದೆ ಇಲ್ಲಿಯವರೆಗೆ ಬಂದಿದ್ದಾಳೆ. 2024ರಲ್ಲಿ ಈ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಇಳಿತದಲ್ಲಿ ನದಿಯ ನಡುವೆ ಕೆಸರು ದಿಬ್ಬ ಎದ್ದಾಗ ಹೆಂಗಸರು ಸೊಂಟ ಬಗ್ಗಿಸಿ ಬಳಚು ಎಂಬ ಚಿಪ್ಪುಮೀನು ಆರಿಸುತ್ತಾರೆ. ಕೈ ಕೆಸರಿನಲ್ಲಿ ತಡಕುತ್ತದೆ, ಬುಟ್ಟಿಗೆ ಚಿಪ್ಪು ಬಿದ್ದ ಸದ್ದು ದೋಣಿಯವರೆಗೂ ಕೇಳುತ್ತದೆ. ಫೋಟೋ ತೆಗೆಯಲು ನಾನು ಕೇಳಿದಾಗ ಒಬ್ಬರು "ಬೇಡ" ಎಂದರು, ಅಲ್ಲಿಗೆ ಮೊಬೈಲು ಚೀಲಕ್ಕೆ ಹೋಯಿತು.

ತದಡಿಯ ಆಚೆ ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ, ಗೋಕರ್ಣ. ಇದರಲ್ಲಿ ಪ್ಯಾರಡೈಸಿನಿಂದ ಹಾಫ್ ಮೂನ್‌ವರೆಗಿನ ಬಂಡೆ ಹಾದಿ ಮಾವನವರಿಗೆ ಆಗುವುದಿಲ್ಲ. ಅವರನ್ನೂ ಕಿರಿಯವಳನ್ನೂ ಆಟೋದಲ್ಲಿ ಓಂ ದಂಡೆಗೆ ಕಳಿಸಿ ನಾವು ಮೂವರೇ ನಡೆಯುತ್ತೇವೆ. ಎಲ್ಲರೂ ಎಲ್ಲವನ್ನೂ ನಡೆಯಲೇಬೇಕೆಂಬ ಹಟ ಬಿಟ್ಟ ಮೇಲೆ ಯಾರೂ ಮುಖ ಗಂಟಿಕ್ಕಿಲ್ಲ.

ಒಳನಾಡಿನ ಹಾದಿ ಆರಿಸಲು ಬೇರೆ ಉಪಾಯ. ಉಳಿದುಕೊಂಡ ಮನೆಯವರನ್ನು "ನೋಡುವಂಥ ಜಾಗ ಯಾವುದಿದೆ?" ಎಂದು ಕೇಳಿದರೆ ಜಲಪಾತ, ದೇವಸ್ಥಾನದ ಹೆಸರು ಹೇಳಿ ಕಾರಿನ ದಾರಿ ತೋರಿಸುತ್ತಾರೆ. "ಇಲ್ಲಿನ ಮಕ್ಕಳು ಶಾಲೆಗೆ ಯಾವ ಹಾದಿಯಲ್ಲಿ ನಡೆದು ಹೋಗ್ತಾರೆ?" ಎಂದು ಕೇಳುತ್ತೇನೆ. ಆಗ ಸಿಗುತ್ತದೆ ನಿಜವಾದ ಹಾದಿ: ಅಡಿಕೆ ತೋಟದ ಅಂಚು, ಹಳ್ಳಕ್ಕೆ ಹಾಕಿದ ಕಾಲುಸಂಕ, ಸೊಪ್ಪಿನ ಬೆಟ್ಟ, ಮತ್ತೆ ಗದ್ದೆ ಬದು. ಬೇಲಿಯ ಬಾಯಿಗೆ ಅಡ್ಡ ಹಾಕಿದ ದಣಪೆ ಸರಿಸಿ ಒಳಗೆ ಹೋದರೆ ಅದನ್ನು ಮತ್ತೆ ಹಾಕುವುದು ನಮ್ಮ ಮನೆಯ ಕಟ್ಟುನಿಟ್ಟು. ದನ ನುಗ್ಗಿದರೆ ಒಬ್ಬರ ವರ್ಷದ ದುಡಿಮೆ ಹೋಗುತ್ತದೆ. ಅಕ್ಟೋಬರಿನಲ್ಲಿ ತೋಟದಲ್ಲಿ ರಕ್ತ ಹೀರುವ ಉಂಬಳ ಇನ್ನೂ ಇರುತ್ತವೆ, ಸುಣ್ಣದ ಡಬ್ಬಿ ಜೇಬಿನಲ್ಲಿರಲಿ. ಅಂಗಳ ದಾಟುವಾಗ ಯಾರಾದರೂ ಕರೆದು ಬೆಲ್ಲ, ನೀರು ಕೊಟ್ಟೇ ಕೊಡುತ್ತಾರೆ. ಹತ್ತು ನಿಮಿಷ ಕೂರಬೇಕು, ಕೂರದಿದ್ದರೆ ಅವರಿಗೆ ಬೇಜಾರಾಗುತ್ತದೆ.

ಹೋದ ಸಲ ಮಾಣಿಕಟ್ಟಾ ಊರಿನ ಗಜನಿಯ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯ, ಒಡ್ಡಿನ ಮೇಲೆ ನಡೆದೆವು. ಒಂದು ಬದಿಗೆ ಉಪ್ಪುನೀರು, ಇನ್ನೊಂದು ಬದಿಗೆ ಕಗ್ಗ ಭತ್ತ. ಉಪ್ಪು ತಡೆದು ಬೆಳೆಯುವ ಈ ಭತ್ತ ಆಳೆತ್ತರ ಬಂದು ಕೊಯ್ಲಿಗೆ ತಯಾರಾಗಿತ್ತು. ತೆನೆಯನ್ನು ಕೈಗೆ ತೆಗೆದುಕೊಂಡು, ಉಗುರಿನಿಂದ ಒಂದು ಕಾಳು ಸುಲಿದು, ನಾಲಿಗೆಗೆ ಹಾಕಿ ನೋಡಿದ ಮಾವನವರು "ಉಪ್ಪಿಲ್ಲಲ್ಲ!" ಎಂದು ಬೆರಗಾದರು. ನೀರಾವರಿ ಇಲ್ಲದ ಹೊಲದಲ್ಲಿ ಜೋಳ ಬೆಳೆದವರು ಅವರು. ಗದ್ದೆಯ ಯಜಮಾನರ ಜೊತೆ ಒಡ್ಡಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಬೀಜ ಯಾವಾಗ ಚೆಲ್ಲುತ್ತೀರಿ, ನೀರು ಹೇಗೆ ಕಟ್ಟುತ್ತೀರಿ ಎಂದು ಒಂದು ತಾಸು ಕೇಳಿದರು. ಅವತ್ತು ನಾವು ನಡೆದದ್ದು ಒಂದೂವರೆ ಕಿಲೋಮೀಟರ್ ಮಾತ್ರ.

ಹೊರಡುವಾಗ ಆ ಯಜಮಾನರು ಒಂದು ಹಿಡಿ ಕಗ್ಗದ ತೆನೆ ಕಟ್ಟಿಕೊಟ್ಟರು. ಅದು ಈಗ ನಮ್ಮ ದೇವರ ಕೋಣೆಯ ಬಾಗಿಲಿಗೆ, ಪಂಚಾಂಗದ ಪಕ್ಕದಲ್ಲಿ ತೂಗುತ್ತಿದೆ. ಮುಂದಿನ ಸೀಗಿ ಹುಣ್ಣಿಮೆಗೆ ನಾವು ಚರಗ ಚೆಲ್ಲಿದ ಹೊಲದ ಜೋಳವನ್ನು ಅವರಿಗೆ ಒಯ್ಯಬೇಕೆಂದು ಮಾವನವರು ಆಗಲೇ ಒಂದು ಚೀಲ ಬೇರೆ ಎತ್ತಿಟ್ಟಿದ್ದಾರೆ.