ಊಟದ ಹೊತ್ತಿಗೆ ಮೇನ್ ಸ್ವಿಚ್ ಇಳಿಸಿದ್ದು: ನನ್ನ ಅನುಭವ

ನಮ್ಮ ಹೊಲಿಗೆ ಘಟಕದ ನಲವತ್ತು ಜನಕ್ಕೆ ಊಟಕ್ಕೆಂದು ಇಪ್ಪತ್ತೈದು ನಿಮಿಷ ಹೆಚ್ಚು ಬಿಡುವು ಕೊಟ್ಟರೆ ದಿನಕ್ಕೆ ಸಾವಿರ ನಿಮಿಷ. ಇಬ್ಬರು ಆಪರೇಟರುಗಳ ಇಡೀ ದಿನದ ದುಡಿಮೆ. "ಇಬ್ಬರನ್ನು ಸುಮ್ಮನೆ ಕೂರಿಸಿ ಸಂಬಳ ಕೊಡುತ್ತೀರಾ?" ಎಂದು ನನ್ನ ಪಾಲುದಾರರು ಲೆಕ್ಕದ ಪುಸ್ತಕ ತೆರೆದು ಕೇಳಿದರು. ಅವರ ಗುಣಾಕಾರದಲ್ಲಿ ತಪ್ಪೇನೂ ಇರಲಿಲ್ಲ. ನಮ್ಮಂತೆಯೇ ಜಾಬ್‌ವರ್ಕ್ (ಬೇರೆಯವರ ಬಟ್ಟೆ ಪಡೆದು ಹೊಲಿದುಕೊಡುವ ಕೆಲಸ) ಮಾಡುವ ಪರಿಚಯದವರೂ ಇದನ್ನೇ ಹೇಳಿದರು. ಆರು ತಿಂಗಳಲ್ಲಿ ಬಾಗಿಲು ಹಾಕುತ್ತೀರಿ ಎಂದವರೂ ಇದ್ದರು. ಈಗ ಎರಡು ವರ್ಷ ಕಳೆದಿದೆ, ಬಾಗಿಲು ತೆರೆದೇ ಇದೆ. ಹಾಗೆಂದವರಲ್ಲಿ ಇಬ್ಬರು ಬಂದು ನಮ್ಮ ಟಾರ್ಗೆಟ್ ಬೋರ್ಡಿನ ಫೋಟೊ ತೆಗೆದುಕೊಂಡು ಹೋದರು. ಅದಕ್ಕೇ ಬರೆಯಲು ಕುಳಿತೆ.

ನಮ್ಮದು ಶರ್ಟ್ ಹೊಲಿಯುವ ಒಂದೇ ಲೈನಿನ ಘಟಕ, ಅಂದರೆ ಮಷೀನಿನಿಂದ ಮಷೀನಿಗೆ ಪೀಸ್ ಸಾಗುವ ಒಂದೇ ಸಾಲು. ಕಟಿಂಗ್, ಚೆಕ್ಕಿಂಗ್, ಇಸ್ತ್ರಿ ಎಲ್ಲ ಸೇರಿ ಸುಮಾರು ನಲವತ್ತು ಜನ, ದಿನಕ್ಕೆ ಹೆಚ್ಚು ಕಡಿಮೆ 400 ಶರ್ಟ್. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರು. ನಾನೂ ಒಂಬತ್ತು ವರ್ಷ ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮಷೀನಿನ ಮುಂದೆ ಕುಳಿತವಳು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಎಡಗೈಯಲ್ಲಿ ಬಂಡಲ್ ಸರಿಸುತ್ತಾ ಬಲಗೈಯಲ್ಲಿ ತಿಂದ ದಿನಗಳು ನನಗೆ ನೆನಪಿವೆ. ಸ್ವಂತ ಘಟಕ ಮಾಡಿದರೆ ಹೀಗಾಗಲು ಬಿಡುವುದಿಲ್ಲ ಎಂದುಕೊಂಡಿದ್ದೆ. ಆದರೆ ಮೊದಲ ನಾಲ್ಕು ವರ್ಷ ನನ್ನ ಲೈನಿನಲ್ಲೂ ಅದೇ ನಡೆಯಿತು. ಅದನ್ನು ಮುಚ್ಚಿಟ್ಟು ಮುಂದಿನದನ್ನು ಹೇಳಲಾರೆ.

ಆಗ ನಮ್ಮಲ್ಲಿದ್ದದ್ದು ಸರದಿ ಊಟ. ಒಂದು ಗಂಟೆಯಿಂದ ಹತ್ತು ಹತ್ತು ಜನ, ತಲಾ ಇಪ್ಪತ್ತು ನಿಮಿಷ. ಲೈನ್ ನಿಲ್ಲಬಾರದು ಎಂಬುದೊಂದೇ ಉದ್ದೇಶ. ಆದರೆ ಲೈನ್ ನಿಂತೇ ನಿಲ್ಲುತ್ತಿತ್ತು. ಕಾಲರ್ ಜೋಡಿಸುವಾಕೆ ಎದ್ದು ಹೋದರೆ ಅವಳ ಹಿಂದೆ ಪೀಸ್ ರಾಶಿ ಬೀಳುತ್ತದೆ, ಮುಂದಿನ ಕಫ್ ಮಷೀನ್ ಖಾಲಿ ಕೂರುತ್ತದೆ. ಆಗ ಸೂಪರ್‌ವೈಸರ್ ಹೋಗಿ, ತುತ್ತು ಕೈಯಲ್ಲಿದ್ದವಳನ್ನು "ಐದೇ ನಿಮಿಷ ಬಂದು ಹೋಗಮ್ಮ" ಎಂದು ಕರೆತರುತ್ತಿದ್ದರು. ಹೋದವಳು ಮತ್ತೆ ಡಬ್ಬಿಯ ಬಳಿಗೆ ಬರುತ್ತಿರಲಿಲ್ಲ. ಹೀಗೆ ತಡವಾಗುತ್ತಾ ಕೊನೆಯ ಸರದಿಯವರ ಊಟ ಎರಡೂಮುಕ್ಕಾಲಕ್ಕೆ ಜಾರುತ್ತಿತ್ತು. ಅಷ್ಟರಲ್ಲಿ ಕೆಲವರಿಗೆ ಹಸಿವೇ ಸತ್ತಿರುತ್ತಿತ್ತು. ಒಂದು ವಾರ ಬಾಗಿಲ ಬಳಿ ನಿಂತು ಎಣಿಸಿದೆ. ದಿನಕ್ಕೆ ಆರೇಳು ಡಬ್ಬಿಗಳು ಅರ್ಧ ತುಂಬಿಯೇ ಮನೆಗೆ ಮರಳುತ್ತಿದ್ದವು.

ಹಣ ಕೊಟ್ಟು ನೋಡಿದ್ದು ನಾನು ಮಾಡಿದ ದೊಡ್ಡ ತಪ್ಪು. ಬಿಡುವು ಬೇಡ ಎನ್ನುವವರಿಗೆ ಆ ಹೊತ್ತಿನ ಕೂಲಿಯನ್ನು ಒಂದೂವರೆ ಪಟ್ಟು ಸೇರಿಸಿ ಕೊಡುತ್ತೇನೆ, ಬೇಕೆನ್ನುವವರು ಊಟಕ್ಕೆ ಹೋಗಲಿ, ಆಯ್ಕೆ ಅವರದು ಎಂದು ಘೋಷಿಸಿದೆ. ನ್ಯಾಯವಾಗಿಯೇ ಇದೆ ಎಂದು ಆಗ ನಂಬಿದ್ದೆ. ಮೊದಲ ವಾರ ಹದಿನೆಂಟು ಜನ ಹೆಸರು ಕೊಟ್ಟರು, ತಿಂಗಳ ಕೊನೆಗೆ ಮೂವತ್ತು ದಾಟಿತು. ಯಾರು ಕೊಟ್ಟರು ಎಂದು ಪಟ್ಟಿ ನೋಡಿದಾಗ ಮನಸ್ಸು ಕಹಿಯಾಯಿತು. ಮನೆಯಲ್ಲಿ ದುಡಿಯುವ ಇನ್ನೊಂದು ಕೈ ಇಲ್ಲದವರು, ಸಾಲದ ಕಂತು ಕಟ್ಟುವವರು, ಹೆರಿಗೆಯ ರಜೆ ಮುಗಿಸಿ ಬಂದವರು ಎಲ್ಲರೂ ಅದರಲ್ಲಿದ್ದರು. ಊಟ ಯಾರಿಗೆ ಹೆಚ್ಚು ಬೇಕೋ ಅವರೇ ಅದನ್ನು ಮಾರಿಕೊಂಡಿದ್ದರು.

ಕಡೆಗೆ ಹಣವೂ ಉಳಿಯಲಿಲ್ಲ. ಎರಡು ವಾರ ಉತ್ಪಾದನೆ 430ರ ಆಸುಪಾಸು ಏರಿ, ಆಮೇಲೆ ಮೊದಲಿದ್ದಲ್ಲಿಗಿಂತ ಕೆಳಗೆ ಜಾರಿತು. ಮಧ್ಯಾಹ್ನ ಮೂರರ ನಂತರದ ಆಲ್ಟರ್ ಪೀಸ್ ನೂರಕ್ಕೆ ಹನ್ನೊಂದು ಹನ್ನೆರಡು ಬರುತ್ತಿದ್ದವು, ಬೆಳಗಿನ ಹೊತ್ತು ಐದು ಬರುವ ಕಡೆ. ಆಲ್ಟರ್ ಎಂದರೆ ಬಿಚ್ಚುವುದು, ಮತ್ತೆ ಹೊಲಿಯುವುದು, ಮತ್ತೆ ಚೆಕ್ಕಿಂಗ್. ಒಂದು ಶರ್ಟಿಗೆ ಎರಡು ಶರ್ಟಿನ ಸಮಯ. ಒಂದು ದಿನ ಸುಮಾರು ಮೂರೂವರೆಗೆ ಗುಂಡಿ ಮಷೀನಿನ ಹುಡುಗಿಯ ತೋರುಬೆರಳಿನ ಉಗುರಿಗೆ ಸೂಜಿ ಇಳಿಯಿತು. ಆಕೆ ಕೂಗಲಿಲ್ಲ. ಬೆರಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, ಬಟ್ಟೆಗೆ ರಕ್ತ ತಾಗಿತೇ ಎಂದು ಮೊದಲು ನೋಡಿದಳು. ಅಂದು ಅವಳು ಬೆಳಿಗ್ಗೆ ಎಂಟರ ನಂತರ ಏನೂ ತಿಂದಿರಲಿಲ್ಲ.

ಮೂರು ತಿಂಗಳಿಗೆ ಆ ಯೋಜನೆ ನಿಲ್ಲಿಸಿದೆ. ಹೆಚ್ಚುವರಿ ಕೂಲಿ, ತಿರಸ್ಕಾರವಾದ ಮಾಲು, ಚಿಕಿತ್ಸೆಯ ಖರ್ಚು ಸೇರಿ ಸುಮಾರು ಎರಡು ತಿಂಗಳ ಬಾಡಿಗೆಯಷ್ಟು ಹೋಗಿತ್ತು. ಆ ಹೆಚ್ಚುವರಿ ಕೂಲಿಯನ್ನು ನಂಬಿ ಚೀಟಿ ಹಾಕಿದ್ದ ಮೂವರು ನನ್ನ ಮೇಲೆ ಸಿಟ್ಟಾದರು. ಅವರ ಸಿಟ್ಟು ನ್ಯಾಯವಾದದ್ದು. ಅಷ್ಟೇ ಮೊತ್ತವನ್ನು ದಿನಗೂಲಿಯಲ್ಲಿ ಸೇರಿಸಿಕೊಟ್ಟ ಮೇಲೆಯೇ ಆ ಮಾತು ಮುಗಿದದ್ದು. ಯಾರಾದರೂ ಈ ದಾರಿ ಹಿಡಿಯುವುದಿದ್ದರೆ ದಯವಿಟ್ಟು ಬೇಡ. ಹಸಿವಿಗೆ ದರ ಕಟ್ಟಿದರೆ ಬಡವರೇ ಅದನ್ನು ಮೊದಲು ಮಾರುತ್ತಾರೆ.

ಆ ಮೇಲೆ ಎಲ್ಲರಿಗೂ ಒಟ್ಟಿಗೆ ಅರ್ಧ ಗಂಟೆ ಎಂದು ಬೆಲ್ ಹಾಕಿಸಿದೆ. ಎಂಟೇ ನಿಮಿಷಕ್ಕೆ ಮಷೀನುಗಳ ಸದ್ದು ಮತ್ತೆ ಶುರು! ಯಾರೂ ಹೇಳದೆ ತಾವಾಗಿ ಬಂದು ಕೂರುತ್ತಿದ್ದರು. ಇದು ಯಾಕೆಂದು ತಿಳಿಯಲು ನನಗೆ ಒಂದು ತಿಂಗಳು ಹಿಡಿಯಿತು. ಉತ್ತರ ಗೋಡೆಯ ಮೇಲೆಯೇ ಇತ್ತು. ಗಂಟೆಗೊಮ್ಮೆ ಬರೆಯುವ ಟಾರ್ಗೆಟ್ ಬೋರ್ಡಿನಲ್ಲಿ ಒಂಬತ್ತು ಮನೆಗಳು, ಒಂಬತ್ತರಲ್ಲೂ 45 ಶರ್ಟ್. ಊಟದ ಗಂಟೆಯ ಮನೆಯಲ್ಲೂ 45! ನಾನೇ ನಿಂತು ಬರೆಸಿದ್ದ ಬೋರ್ಡ್ ಅದು. ಬಾಯಲ್ಲಿ ಹೋಗಿ ಊಟ ಮಾಡಿ ಎನ್ನುತ್ತಿದ್ದೆ, ಗೋಡೆ ಮೇಲೆ ಬೇಡ ಎಂದು ಬರೆದಿದ್ದೆ. ಜನ ಗೋಡೆಯನ್ನು ನಂಬಿದರು.

ಬೋರ್ಡನ್ನು ಬಿಳಿ ಬಣ್ಣ ಬಳಿದು ಮತ್ತೆ ಬರೆಸಿದೆ. ಎಡಕ್ಕೆ ಊಟಕ್ಕೆ ಮುಂಚಿನ ಮನೆಗಳು, ಬಲಕ್ಕೆ ನಂತರದವು, ನಡುವೆ ನಾಲ್ಕು ಬೆರಳಗಲದ ಕೆಂಪು ಪಟ್ಟಿ. ಆ ಪಟ್ಟಿಯಲ್ಲಿ ಯಾವ ಅಂಕಿಯೂ ಇಲ್ಲ. ಬಿಡುವನ್ನು 45 ನಿಮಿಷ ಮಾಡಿದೆ. ಬಿಡುಗಡೆ ಮೊದಲಿನಂತೆ ಆರಕ್ಕೇ, ಕೂಲಿಯಲ್ಲಿ ಒಂದು ಪೈಸೆಯೂ ಕಡಿತವಿಲ್ಲ. ಮತ್ತು 12:45ಕ್ಕೆ ನಾನೇ ಹೋಗಿ ಹೊಲಿಗೆ ಲೈನಿನ ಮೇನ್ ಸ್ವಿಚ್ ಕೆಳಗಿಳಿಸಿದೆ.

ಆ ಮೊದಲ ದಿನದ ನಿಶ್ಶಬ್ದವನ್ನು ಮರೆಯಲಾರೆ. ಅರ್ಧ ಸೀಮ್‌ನಲ್ಲಿ ನಿಂತ ಮಷೀನುಗಳು, ಪೆಡಲಿನ ಮೇಲೆ ಇನ್ನೂ ಇದ್ದ ಪಾದಗಳು. ಕರೆಂಟ್ ಹೋಯಿತು ಎಂದುಕೊಂಡು ಎಲ್ಲರೂ ಮೇಲೆ ನೋಡಿದರು. ಫ್ಯಾನ್ ತಿರುಗುತ್ತಿತ್ತು. ಆಗ ತಿಳಿಯಿತು. ಹಿರಿಯ ಟೈಲರ್ ಒಬ್ಬರು ಕತ್ತರಿಯನ್ನು ಮಷೀನಿನ ಮೇಲಿಟ್ಟು, ಕನ್ನಡಕ ತೆಗೆದು, ಎರಡೂ ಕೈಯಿಂದ ಕಣ್ಣು ಒತ್ತಿಕೊಂಡು ಸ್ವಲ್ಪ ಹೊತ್ತು ಹಾಗೇ ಕುಳಿತರು. ಊಟಕ್ಕೆ ಆಮೇಲೆ ಎದ್ದರು.

ಮಷೀನ್ ಆರಿಸುವುದು ಜಬರ್‌ದಸ್ತು, ದುಡಿಯುವ ಇಷ್ಟವಿದ್ದವರನ್ನು ಯಾಕೆ ತಡೆಯಬೇಕು ಎಂಬ ವಾದ ನನ್ನ ಪಾಲುದಾರರದು. ಅವರಿಗೆ ನಾನು ಕೇಳಿದ್ದಿಷ್ಟೇ: ಪಕ್ಕದವಳ ಮಷೀನ್ ಓಡುತ್ತಿದ್ದರೆ ನಿಮಗೆ ತುತ್ತು ಇಳಿಯುತ್ತದೆಯೇ? ಜಪಾನಿನ ಕಾರ್ಮಿಕ ಮಾನದಂಡ ಕಾಯ್ದೆ ಈ ಮಾತನ್ನು 1947ರಿಂದಲೇ ಹೇಳುತ್ತಿದೆ. ಆರು ಗಂಟೆ ಮೀರಿದ ಕೆಲಸಕ್ಕೆ 45 ನಿಮಿಷ, ಎಂಟು ಮೀರಿದರೆ ಒಂದು ಗಂಟೆ, ಅದೂ ತಾತ್ತ್ವಿಕವಾಗಿ ಎಲ್ಲರಿಗೂ ಏಕಕಾಲಕ್ಕೆ. ಆ ಲೆಕ್ಕದಲ್ಲಿ ನಾನು ಕೊಡುವುದೂ ಕಡಿಮೆಯೇ. ಭಾರತದ 1948ರ ಕಾರ್ಖಾನೆ ಕಾಯ್ದೆ ಐದು ಗಂಟೆಗಿಂತ ಹೆಚ್ಚು ಒಂದೇ ಸಮನೆ ದುಡಿಸಬಾರದು, ನಡುವೆ ಅರ್ಧ ಗಂಟೆಯಾದರೂ ಬಿಡುವಿರಬೇಕು ಎಂದು ವಿಧಿಸಿತು. ಅಮೆರಿಕದ ಒಕ್ಕೂಟ ಕಾನೂನು ಊಟದ ಬಿಡುವನ್ನು ಕಡ್ಡಾಯ ಮಾಡಿಲ್ಲ. ಆದರೆ ಅಲ್ಲಿಯ ನಿಯಮದಲ್ಲಿ ನನಗೆ ಹಿಡಿಸಿದ ಒಂದು ಮಾತಿದೆ: ಕೆಲಸದಿಂದ ಪೂರ್ತಿ ಬಿಡುಗಡೆ ಇದ್ದರೆ ಮಾತ್ರ ಅದು ಊಟದ ಬಿಡುವು, ತಿನ್ನುತ್ತಾ ಕೆಲಸ ನೋಡಿಕೊಳ್ಳುತ್ತಿದ್ದರೆ ಅದು ದುಡಿಮೆಯೇ, ಅದಕ್ಕೆ ಕೂಲಿ ಕೊಡಬೇಕು. ಕೇಳಿದವರಿಗೆ ಮಾತ್ರ, ಕೆಲಸ ಕಡಿಮೆ ಇದ್ದಾಗ ಮಾತ್ರ, ಸೂಪರ್‌ವೈಸರ್ ಮುಖ ನೋಡಿ ಕೊಡುವ ಬಿಡುವನ್ನು ನಾನು ಹಕ್ಕು ಎನ್ನುವುದಿಲ್ಲ.

ಇಷ್ಟಾದರೂ ಮೊದಲ ತಿಂಗಳು ಉತ್ಪಾದನೆ 370ಕ್ಕೆ ಇಳಿಯಿತು. ಎರಡನೆಯ ತಿಂಗಳು 380. ಪಾಲುದಾರರು ಮಾತು ಬಿಟ್ಟರು. ನನಗೂ ಎರಡು ರಾತ್ರಿ ನಿದ್ದೆ ಬರಲಿಲ್ಲ. ಸ್ಟಾಪ್‌ವಾಚ್ ಹಿಡಿದು 45 ನಿಮಿಷ ಎಲ್ಲಿ ಹೋಗುತ್ತದೆ ಎಂದು ನೋಡಿದೆ. ಕೈ ತೊಳೆಯುವ ನಲ್ಲಿ ಎರಡು, ಜನ ನಲವತ್ತು. ಕೊನೆಯವರಿಗೆ ನೀರು ಸಿಗುವಾಗ ಹನ್ನೊಂದು ನಿಮಿಷ ಕಳೆದಿರುತ್ತಿತ್ತು. ತಿಂದು ಮತ್ತೆ ಕೈ ತೊಳೆಯಲು ಅದೇ ಸಾಲು. ಶೌಚಾಲಯದ ಮುಂದೆ ಇನ್ನೊಂದು. ಹೆಣ್ಣುಮಕ್ಕಳು ಬೆಳಗಿನಿಂದ ನೀರನ್ನೇ ಕುಡಿಯದೆ ಇರುತ್ತಿದ್ದದ್ದು ಈ ಸಾಲಿಗೆ ಹೆದರಿ. ಒಂದೇ ಉದ್ದನೆಯ ಪೈಪಿಗೆ ಆರು ನಲ್ಲಿ ಕೂರಿಸಿದೆ, ಇನ್ನೊಂದು ಶೌಚಾಲಯ ಕಟ್ಟಿಸಿದೆ. ನಲ್ಲಿಗಳಿಗೆ ಬಿದ್ದ ಖರ್ಚು ಒಬ್ಬ ಆಪರೇಟರಿನ ಒಂದು ವಾರದ ಕೂಲಿಗಿಂತ ಕಡಿಮೆ. ಇಡೀ ಪ್ರಯತ್ನದಲ್ಲಿ ಹಾಕಿದ ದುಡ್ಡಿಗೆ ಇಷ್ಟು ಫಲ ಕೊಟ್ಟದ್ದು ಬೇರೊಂದಿಲ್ಲ. ಶೌಚಾಲಯ ದುಬಾರಿಯಾಯಿತು, ಆದರೆ ಅದನ್ನು ಮೊದಲೇ ಕಟ್ಟಿಸಬೇಕಿತ್ತು.

ಇಸ್ತ್ರಿಯದು ಬೇರೆ ತೊಡಕು. ಬಾಯ್ಲರ್ ಆರಿಸಿದರೆ ಮತ್ತೆ ಹಬೆ ಕಟ್ಟಲು ಹದಿನೈದು ನಿಮಿಷ. ಅದಕ್ಕಾಗಿ ಇಸ್ತ್ರಿಯವರು ಬೇಗ ಎದ್ದು ಬರಬೇಕು ಎಂದು ಸೂಪರ್‌ವೈಸರ್ ಸೂಚಿಸಿದರು, ನಾನು ಒಪ್ಪಲಿಲ್ಲ. ಈಗ ಅವರು ಎಲ್ಲರೊಂದಿಗೇ ಬಂದು, ಹಬೆ ಬರುವವರೆಗೆ ಬೆಳಗಿನ ಶರ್ಟುಗಳನ್ನು ಮಡಚುತ್ತಾರೆ.

ಮರಳಿ ಬಂದ ಕೂಡಲೇ ಲೈನ್ ಓಡಿಸುವುದು ಇನ್ನೊಂದು ಸಮಸ್ಯೆ. ಮೊದಲೆಲ್ಲ ಊಟದ ನಂತರ ಲೈನ್ ಬಿಸಿಯೇರಲು ಇಪ್ಪತ್ತು ನಿಮಿಷ ಬೇಕಾಗುತ್ತಿತ್ತು. ಹನ್ನೆರಡೂಕಾಲರಿಂದ ಬಂಡಲ್ ಫೀಡಿಂಗ್ (ಕತ್ತರಿಸಿದ ಬಟ್ಟೆಯ ಕಟ್ಟುಗಳನ್ನು ಲೈನಿಗೆ ಕೊಡುವ ಕ್ರಮ) ಬದಲಿಸಿ, ಯಾವ ಮಷೀನಿನ ಪಕ್ಕ ಎಷ್ಟು ಪೀಸ್ ಉಳಿಯಬೇಕು ಎಂದು ಲೆಕ್ಕ ಹಾಕಿ ಇಡುತ್ತೇವೆ. ಈಗ 1:30ಕ್ಕೆ ಸ್ವಿಚ್ ಏರಿಸಿದರೆ 1:33ಕ್ಕೆ ಎಲ್ಲ ಮಷೀನೂ ಓಡುತ್ತಿರುತ್ತವೆ. ಇಷ್ಟು ಚೊಕ್ಕವಾಗಿ ಲೈನ್ ಎಬ್ಬಿಸುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಆ ಪೀಸ್ ಲೆಕ್ಕವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದಕ್ಕೆ ಎಂಟು ತಿಂಗಳು ಬೆವರು ಸುರಿಸಿದ್ದೇನೆ. ಬಟ್ಟೆ ಕೊಡುವವರನ್ನು ಮೊದಲ ಎರಡು ತಿಂಗಳ ವಿಳಂಬಕ್ಕೆ ಒಪ್ಪಿಸಿದ್ದು ಹೇಗೆ ಎಂಬುದೂ ನನ್ನಲ್ಲೇ ಇರಲಿ.

ನಡುವೆ ಕೆಲವು ಅಡ್ಡ ಪ್ರಯೋಗಗಳನ್ನೂ ಮಾಡಿದೆ. ಜರ್ಮನಿಯಲ್ಲಿ ಬಿಡುವನ್ನು ಕನಿಷ್ಠ ಹದಿನೈದು ನಿಮಿಷದ ತುಂಡುಗಳಾಗಿ ಹಂಚಬಹುದು ಎಂದು ಓದಿ, ಎರಡು ತುಂಡು ಮಾಡಿ ನೋಡಿದೆ. ಹತ್ತು ದಿನಕ್ಕೆ ಬಿಟ್ಟೆ. ಹತ್ತಿರದಲ್ಲೇ ಮನೆಯಿದ್ದ ಇಬ್ಬರು ತಾಯಂದಿರಿಗೆ ಮಗುವಿಗೆ ಹಾಲೂಡಿಸಿ ಬರಲು ಆಗುತ್ತಿರಲಿಲ್ಲ. ಅರ್ಧ ಗಂಟೆಯ ಬೆಲ್ ಇದ್ದಾಗ ಬಿಡುವು ಒಂದೂಕಾಲಕ್ಕಿತ್ತು. ಆಲ್ಟರ್ ಪುಸ್ತಕವನ್ನು ಗಂಟೆವಾರು ಬಿಡಿಸಿ ನೋಡಿದಾಗ ಊಟಕ್ಕೆ ಮುಂಚಿನ ಅರ್ಧ ಗಂಟೆಯಲ್ಲೇ ಕಾಲರ್ ಸೊಟ್ಟಗಾಗುವುದು ಹೆಚ್ಚು ಎಂದು ಕಂಡಿತು. ಅದಕ್ಕೇ 12:45. ಅರ್ಧ ಗಂಟೆಯ ಬದಲಾವಣೆ ಅಷ್ಟು ಕೆಲಸ ಮಾಡುತ್ತದೆಂದು ನಾನೂ ಎಣಿಸಿರಲಿಲ್ಲ. ಹಾಡು ಹಾಕಿದ್ದು ಯಾರಿಗೂ ಬೇಕಾಗಲಿಲ್ಲ, ಸದ್ದಿಲ್ಲದಿದ್ದರೆ ಸಾಕು ಎಂದರು. ಕಟಿಂಗ್ ಟೇಬಲ್ ಪಕ್ಕದಲ್ಲಿ ಹತ್ತು ಚಾಪೆ ಹಾಸಿದೆ. ಮೊದಮೊದಲು ಸಂಕೋಚ ಪಟ್ಟವರು ಈಗ ಸಾಲಾಗಿ ಮಲಗುತ್ತಾರೆ. ಬೆನ್ನು ನೆಟ್ಟಗೆ ಮಾಡಲು ಹತ್ತು ನಿಮಿಷ ಸಿಕ್ಕರೆ ಸಂಜೆ ನಾಲ್ಕರ ಕೈ ಬೇರೆಯೇ ಇರುತ್ತದೆ.

ಐದನೆಯ ತಿಂಗಳು 400 ಮುಟ್ಟಿತು. ಈಗ ಸರಾಸರಿ 415 ಇರಬಹುದು, ಹಬ್ಬದ ಆರ್ಡರಿನಲ್ಲಿ ಇನ್ನೂ ಹೆಚ್ಚು. ಮಧ್ಯಾಹ್ನದ ಆಲ್ಟರ್ ನೂರಕ್ಕೆ ಐದಾರಕ್ಕೆ ಬಂದಿದೆ. ಹೇಳದೆ ರಜೆ ಹಾಕುವವರು ದಿನಕ್ಕೆ ಐದಾರು ಜನ ಇದ್ದದ್ದು ಎರಡು ಮೂರಕ್ಕೆ ಇಳಿಯಿತು. ಕಳೆದ ವರ್ಷ ಕೆಲಸ ಬಿಟ್ಟವರು ನಾಲ್ವರೇ. ಹಿಂದೆ ತಿಂಗಳಿಗೆ ಇಬ್ಬರು ಹೊಸಬರಿಗೆ ಕಲಿಸುತ್ತಿದ್ದೆವು, ಅದರಲ್ಲಿ ಹಾಳಾಗುತ್ತಿದ್ದ ಬಟ್ಟೆಯ ಲೆಕ್ಕ ಪಾಲುದಾರರ ಪುಸ್ತಕದಲ್ಲಿ ಎಂದೂ ಬಂದಿರಲಿಲ್ಲ. ಮೊದಲ ನಾಲ್ಕು ತಿಂಗಳ ನಷ್ಟ, ನಲ್ಲಿ, ಶೌಚಾಲಯ ಎಲ್ಲ ಸೇರಿಸಿದರೂ ಒಂದೂವರೆ ವರ್ಷದೊಳಗೆ ಮರಳಿ ಬಂತು. ಬಾರದಿದ್ದರೂ ನಾನು ಸ್ವಿಚ್ ಇಳಿಸುವುದನ್ನು ನಿಲ್ಲಿಸುತ್ತಿರಲಿಲ್ಲ. ಈ ಮಾತನ್ನು ಪಾಲುದಾರರಿಗೂ ಹೇಳಿದ್ದೇನೆ.

ಒಬ್ಬರು ಮಾತ್ರ ಬಹಳ ದಿನ ಉಳಿದುಬಿಟ್ಟಿದ್ದರು. ಗೇಟಿನ ಕಾವಲುಗಾರ. ಎಲ್ಲರೂ ಊಟ ಮಾಡುವಾಗ ಗೇಟಿನಲ್ಲಿ ಇರಲೇಬೇಕಾದವರು ಅವರು. ಎರಡೂವರೆಗೆ ಕುರ್ಚಿಯಲ್ಲೇ ಡಬ್ಬಿ ಬಿಚ್ಚುತ್ತಿದ್ದರು. ಲಾರಿ ಬಂದರೆ ಮುಚ್ಚಿ ಏಳುತ್ತಿದ್ದರು. ನನ್ನ ಗಮನಕ್ಕೆ ಬಂದದ್ದು ಏಳನೆಯ ತಿಂಗಳಲ್ಲಿ, ಅದೂ ಗುಂಡಿ ಮಷೀನಿನ ಹುಡುಗಿ ಹೇಳಿದ ಮೇಲೆ. ಈಗ ಸ್ವಿಚ್ ಇಳಿಸಿದ ಮೇಲೆ ನೇರ ಗೇಟಿಗೆ ಹೋಗಿ, ಅವರಿಂದ ಕೀಲಿಗೊಂಚಲು ಮತ್ತು ರಿಜಿಸ್ಟರ್ ತೆಗೆದುಕೊಳ್ಳುತ್ತೇನೆ. ಅವರು ಒಳಗೆ ಹೋಗಿ ಎಲ್ಲರ ಜೊತೆ ಕೂರುತ್ತಾರೆ. 1:30ಕ್ಕೆ ಬಂದು ಕೀಲಿ ಕೇಳುತ್ತಾರೆ, ಆಮೇಲೆ ನನ್ನ ಊಟ.