ಎಂಟು-ನಾಲ್ಕರ ಹಲಗೆಗೆ ಹೊಂದುವ ಮಾದರಿ ರೈಲು ಎಂಜಿನ್ ಆರಿಸುವುದು ಹೇಗೆ

ಮಾದರಿ ರೈಲಿನ ಹವ್ಯಾಸಕ್ಕೆ ಹೊಸದಾಗಿ ಇಳಿಯುವವರು ಸಾಮಾನ್ಯವಾಗಿ ಮನಸ್ಸಿಗೆ ಹಿಡಿಸಿದ ಎಂಜಿನ್ನನ್ನು ಮೊದಲು ಕೊಂಡು, ಅದಕ್ಕೆ ತಕ್ಕ ಹಳಿಯನ್ನು ಆಮೇಲೆ ಹುಡುಕುತ್ತಾರೆ. ಈ ಕ್ರಮ ತಿರುಗುಮುರುಗಾಗಬೇಕು. ಮನೆಯಲ್ಲಿರುವ ಜಾಗ ಹಳಿಯ ತಿರುವನ್ನು ನಿರ್ಧರಿಸುತ್ತದೆ, ತಿರುವು ಎಂಜಿನ್ನಿನ ಉದ್ದವನ್ನು ನಿರ್ಧರಿಸುತ್ತದೆ. ಹಣದ ಲೆಕ್ಕ ಅದರ ನಂತರದ್ದು. ಉದಾಹರಣೆಗೆ, ಯಾವ ಪ್ಲೈವುಡ್ ಅಂಗಡಿಯಲ್ಲೂ ಸಿಗುವ 8 ಅಡಿ ಉದ್ದ, 4 ಅಡಿ ಅಗಲದ ಹಲಗೆಯನ್ನೂ ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಸ್ಕೇಲನ್ನೂ ಇಟ್ಟುಕೊಳ್ಳೋಣ. ಎಚ್‌ಒ ಎಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್.

ಹಲಗೆಯ ಅಗಲ 48 ಇಂಚು. ಅದರ ಮೇಲೆ 22 ಇಂಚು ತ್ರಿಜ್ಯದ ತಿರುವನ್ನು ಕೂರಿಸಿದರೆ ಎರಡು ಅಂಚಿನಲ್ಲೂ ತಲಾ 2 ಇಂಚು ಮಾತ್ರ ಉಳಿಯುತ್ತದೆ; ಇದೇ ಈ ಹಲಗೆಯ ಮಿತಿ. ರೈಲು ತೊಡಕಿಲ್ಲದೆ ಓಡಬೇಕಾದರೆ ತ್ರಿಜ್ಯವು ಅತಿ ಉದ್ದದ ವಾಹನದ ಮೂರು ಪಟ್ಟಾದರೂ ಇರಲಿ, ಎರಡೂವರೆ ಪಟ್ಟಾದರೆ ಹೇಗೋ ನಡೆಯುತ್ತದೆ ಎಂಬುದು ಹವ್ಯಾಸಿಗಳಲ್ಲಿ ಚಾಲ್ತಿಯಲ್ಲಿರುವ ಅಂದಾಜು. 22 ಇಂಚು ಎಂದರೆ ಸುಮಾರು 56 ಸೆಂಟಿಮೀಟರ್. ಹಾಗಾಗಿ 19 ಸೆಂಟಿಮೀಟರ್ ಒಳಗಿನ ಎಂಜಿನ್ ನಿಶ್ಚಿಂತೆಯದು, 22ರವರೆಗಿನದು ಪರವಾಗಿಲ್ಲ. ಅಮೆರಿಕದ ಜಿಪಿ38-2 ಎಂಬ ಡೀಸೆಲ್ ಎಂಜಿನ್ ಈ ಸ್ಕೇಲಿನಲ್ಲಿ 21 ಸೆಂಟಿಮೀಟರ್‌ಗಿಂತ ತುಸು ಕಡಿಮೆ ಬರುತ್ತದೆ. ಅಲ್ಲಿಯದೇ ಇನ್ನೊಂದು ಡೀಸೆಲ್ ಎಸ್‌ಡಿ40-2 ಸುಮಾರು 24 ಆಗುತ್ತದೆ. ಮೊದಲನೆಯದರ ಪ್ರತಿ ಟ್ರಕ್ಕಿನಲ್ಲೂ, ಅಂದರೆ ಎಂಜಿನ್ನಿನಡಿ ಮುಂದೊಂದು ಹಿಂದೊಂದು ಇರುವ ಹೊರಳುವ ಚಕ್ರಚೌಕಟ್ಟಿನಲ್ಲೂ, ಎರಡೇ ಅಚ್ಚುಗಳಿರುವುದರಿಂದ ಅದು ಬಿಗಿ ತಿರುವಿನಲ್ಲಿ ಸಲೀಸಾಗಿ ಹೊರಳುತ್ತದೆ, ಎರಡನೆಯದರಲ್ಲಿ ಮೂರು ಮೂರು ಇರುವುದರಿಂದ ಹಳಿ ತಪ್ಪುವ ಸಂಭವ ಹೆಚ್ಚು. ಮೊದಲ ಎಂಜಿನ್ನಾಗಿ ನಾಲ್ಕು ಅಚ್ಚಿನ ಡೀಸೆಲ್ಲನ್ನೇ ನಾನು ಸೂಚಿಸುತ್ತೇನೆ.

ಭಾರತೀಯ ರೈಲ್ವೆಯ ಡೀಸೆಲ್ ಎಂಜಿನ್ನಾದ ನಮ್ಮ ಡಬ್ಲ್ಯುಡಿಎಂ-2 ಬೇಕೆನ್ನುವವರು ಬಹಳ. ಅದು ಸುಮಾರು 20 ಸೆಂಟಿಮೀಟರ್ ಆಗುವುದರಿಂದ, ಆರು ಅಚ್ಚಿದ್ದರೂ ಈ ಹಲಗೆಗೆ ಹೊಂದೀತು. ಹುಬ್ಬಳ್ಳಿ, ಕೃಷ್ಣರಾಜಪುರದ ಶೆಡ್ಡುಗಳಲ್ಲಿ ಕಾಣುವ ಡಬ್ಲ್ಯುಡಿಪಿ-4 ಸುಮಾರು 24 ಸೆಂಟಿಮೀಟರ್, ಚೆನ್ನೈನ ಕೋಚ್ ಕಾರ್ಖಾನೆಯ ಹಳೆಯ ಐಸಿಎಫ್ ಕೋಚ್ ಕೂಡ ಸುಮಾರು ಅಷ್ಟೇ. ಅವುಗಳಿಗೆ ಗೋಡೆಯ ಉದ್ದಕ್ಕೂ ಹಾಕಿದ ದೊಡ್ಡ ತಿರುವೇ ಸರಿ. ಇನ್ನೊಂದು ಮಾತು: ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್ ಆದ್ದರಿಂದ ಅದರ ಮಾದರಿ 19 ಮಿಲಿಮೀಟರ್‌ಗೂ ಹೆಚ್ಚಿನ ಅಗಲದ ಹಳಿಯ ಮೇಲೆ ನಿಲ್ಲಬೇಕಿತ್ತು. 16.5ರ ಹಳಿಯ ಮೇಲೆ ಎಂಜಿನ್ನಿನ ಕಾಲು ತುಸು ಒಳಗೆ ಸರಿದಂತೆ ಕಾಣುವುದನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಈ ಹಲಗೆಯಲ್ಲಿ ಸೇತುವೆಯ ಆಸೆ ಬಿಡುವುದು ಒಳ್ಳೆಯದು. ಒಂದು ಹಳಿಯ ಮೇಲೆ ಇನ್ನೊಂದು ದಾಟಲು ಸುಮಾರು 7.5 ಸೆಂಟಿಮೀಟರ್ ಎತ್ತರ ಬೇಕು. ನೂರಕ್ಕೆ ಎರಡರ ಏರಿನಲ್ಲಿ ಅದಕ್ಕೆ ಹತ್ತಲು 375 ಸೆಂಟಿಮೀಟರ್, ಇಳಿಯಲು ಅಷ್ಟೇ ಆಗುತ್ತದೆ, ಆದರೆ ಇಡೀ ಸುತ್ತಿನ ಉದ್ದವೇ ಆರು ಮೀಟರ್ ಆಸುಪಾಸು. ಕಡಿದಾದ ಏರಿನಲ್ಲಿ ಹಗುರ ಎಂಜಿನ್ನಿನ ಚಕ್ರಗಳು ನಿಂತಲ್ಲೇ ಸುತ್ತುತ್ತವೆ.

ಇನ್ನು ಹಣ. ನಿಗದಿ ಮಾಡಿಕೊಂಡ ಮೊತ್ತದಲ್ಲಿ ಮೈಬಣ್ಣಕ್ಕೂ ಕಿರು ಅಲಂಕಾರಕ್ಕೂ ಕೊಡುವ ಬದಲು ಯಂತ್ರಭಾಗಕ್ಕೆ ಕೊಡಿ. ಅಗ್ಗದ ಸೆಟ್ಟುಗಳ ಎಷ್ಟೋ ಎಂಜಿನ್ನುಗಳಲ್ಲಿ ಮೋಟಾರು ಒಂದೇ ಟ್ರಕ್ಕನ್ನು ತಿರುಗಿಸುತ್ತದೆ, ವಿದ್ಯುತ್ತನ್ನೂ ಕೆಲವೇ ಚಕ್ರಗಳು ಪಡೆಯುತ್ತವೆ. ಹಳಿ ಕವಲೊಡೆಯುವ ಪಾಯಿಂಟಿನ ನಡುವೆ ವಿದ್ಯುತ್ ಹರಿಯದ ಪ್ಲಾಸ್ಟಿಕ್ ಭಾಗ ಬಂದೊಡನೆ ನಿಂತುಬಿಡುತ್ತವೆ. ಅಂಗಡಿಯಲ್ಲಿ ಪರೀಕ್ಷಿಸಲು ಸುಲಭದ ದಾರಿಯಿದೆ. ಎಂಜಿನ್ನನ್ನು ಹಳಿಯ ಮೇಲಿಟ್ಟು, ಮುಂದಿನ ಟ್ರಕ್ಕಿನ ಚಕ್ರಗಳಡಿ ಕಾಗದದ ಚೂರು ಸಿಕ್ಕಿಸಿ ವಿದ್ಯುತ್ ಕೊಡಿ. ಮೋಟಾರು ತಿರುಗಿದರೆ ಕಾಗದವನ್ನು ಹಿಂದಿನ ಚಕ್ರಗಳಡಿಗೆ ಬದಲಿಸಿ ಮತ್ತೆ ನೋಡಿ. ಎರಡು ಸಲವೂ ತಿರುಗಿದರೆ ಎರಡೂ ಟ್ರಕ್ಕುಗಳು ವಿದ್ಯುತ್ ಪಡೆಯುತ್ತಿವೆ ಎಂದರ್ಥ. ಆಮೇಲೆ ಅತಿ ನಿಧಾನದಲ್ಲಿ ಓಡಿಸಿ: ತಡವರಿಸದೆ ತೆವಳುವ ಎಂಜಿನ್ನೇ ಒಳ್ಳೆಯದು, ವೇಗವಾಗಿ ಯಾವುದು ಬೇಕಾದರೂ ಓಡುತ್ತದೆ.

ಡಿಜಿಟಲ್ ನಿಯಂತ್ರಣ, ಅಂದರೆ ಡಿಸಿಸಿ, ಒಂದೇ ಹಳಿಯ ಮೇಲೆ ಹಲವು ಎಂಜಿನ್ನುಗಳನ್ನು ಬೇರೆ ಬೇರೆಯಾಗಿ ಓಡಿಸಲು ಬೇಕಾಗುವ ಸೌಲಭ್ಯ. ಒಂದೇ ಎಂಜಿನ್ ಇರುವವರೆಗೆ ಸಾದಾ ಡಿಸಿ, ಅಂದರೆ ಹಳಿಯ ವೋಲ್ಟೇಜನ್ನೇ ಏರಿಳಿಸಿ ಓಡಿಸುವ ನೇರ ವಿದ್ಯುತ್, ಸಾಕು. ಆದರೆ ಡಿಸಿಸಿಯ ಆದೇಶಗಳನ್ನು ಗ್ರಹಿಸುವ ಡಿಕೋಡರನ್ನು ಮುಂದೆ ಕೂರಿಸಲು ಸಾಕೆಟ್ ಇರುವ ಮಾದರಿಯನ್ನೇ ಆರಿಸಿ. ಧ್ವನಿಯಿರುವ ಮಾದರಿಗಳ ಬೆಲೆ ಹೆಚ್ಚು, ಮತ್ತು ಸಾದಾ ಡಿಸಿಯಲ್ಲಿ ಅವು ಹೆಚ್ಚು ವೋಲ್ಟೇಜ್ ಸಿಗುವವರೆಗೆ ಕದಲುವುದಿಲ್ಲ. ಜೇಬು ಸಣ್ಣದಿದ್ದರೆ ಅದನ್ನು ಮುಂದಕ್ಕೆ ತಳ್ಳಬಹುದು.

ವಿದೇಶದಿಂದ ತರಿಸುವವರು ಸುಂಕ, ಸಾಗಣೆ ಸೇರಿಸಿಯೇ ಬೆಲೆ ಕಟ್ಟಬೇಕು. ಅಮೆರಿಕದಲ್ಲಿರುವ ಬಂಧುಗಳು ಇಡೀ ಸೆಟ್ ತಂದುಕೊಟ್ಟರೆ, ಹಳಿಗೆ ವಿದ್ಯುತ್ ಕೊಡುವ ಪವರ್ ಪ್ಯಾಕಿನ ಹಿಂಬದಿಯನ್ನು ಓದದೆ ಗೋಡೆಗೆ ಚುಚ್ಚಬೇಡಿ: ಅಲ್ಲಿ 120 ವೋಲ್ಟ್ ಎಂದಷ್ಟೇ ಇದ್ದರೆ ನಮ್ಮ 230 ವೋಲ್ಟಿಗೆ ಅದು ಸುಟ್ಟುಹೋಗುತ್ತದೆ.

ಕೈ ಬದಲಾದ ಎಂಜಿನ್ ಕೊಳ್ಳುವುದಾದರೆ ಕಿವಿಗೊಟ್ಟು ಕೇಳಿ. ಚಕ್ರದ ಪ್ರತಿ ಸುತ್ತಿಗೊಮ್ಮೆ ಟಕ್ ಎಂಬ ಸದ್ದು ಬಂದರೆ ಅಚ್ಚಿನ ಪ್ಲಾಸ್ಟಿಕ್ ಗಿಯರ್ ಬಿರಿದಿರಬಹುದು. ಅದರ ಬಿಡಿಭಾಗ ಸಿಗುತ್ತದೆಯೇ ಎಂದು ವಿಚಾರಿಸಿಕೊಂಡೇ ದರ ಮಾತಾಡಿ.